ವಿಳಂಬಕ್ಕೆ ಕಾರಣ

ಮಗಳು ಎರಡನೇ ಕ್ಲಾಸಿಗೆ ಹೋದ ವರ್ಷ ನನಗೆ ಟೋಕಿಯೋದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಗಂಡನನ್ನು ಅವರ ಐಟಿ ಕಂಪನಿ ಇಲ್ಲಿಗೆ ಕಳಿಸಿ ಆಗ ಐದು ವರ್ಷವಾಗಿತ್ತು. ಫುನಾಬೊರಿ ಬಡಾವಣೆಯ ಫ್ಲಾಟಿನಲ್ಲಿ ಕೂತು ಕೂತು ಬೇಸರವಾಗಿ, ನಾನು ಜಪಾನಿ ಭಾಷೆಯ ಎರಡು ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಕಂಪನಿಯಲ್ಲಿದ್ದದ್ದು ಹನ್ನೆರಡೇ ಜನ. ಆಸ್ಪತ್ರೆಗಳಿಗೆ ನರ್ಸುಗಳ ಸಮವಸ್ತ್ರ ತರಿಸಿಕೊಡುವುದು ಅವರ ವ್ಯಾಪಾರ. ಹೊಲಿಗೆ ನಡೆಯುತ್ತಿದ್ದದ್ದು ಲಾವೋಸ್ ದೇಶದಲ್ಲಿ, ರಾಜಧಾನಿಯ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಆ ಕಾರ್ಖಾನೆಯವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ, ಅದನ್ನು ಇಲ್ಲಿಯವರಿಗೆ ಜಪಾನಿಯಲ್ಲಿ ತಿಳಿಸುವುದು ನನ್ನ ಕೆಲಸ.

ನೋಡಲೆಂದು ಮನೆಗೆ ತಂದಿದ್ದ ಒಂದು ಸಮವಸ್ತ್ರದ ಕತ್ತಿನ ಒಳಗಿನ ಚೀಟಿಯಲ್ಲಿ ದೇಶದ ಹೆಸರು ಓದಿ ಮಗಳು ಅಟ್ಲಾಸ್ ತೆರೆದಳು. ಬೆರಳಿನಿಂದ ಗಡಿಯ ಸುತ್ತ ಒಂದು ಸುತ್ತು ಬಂದು, ಜಪಾನಿಯಲ್ಲಿ ಸಮುದ್ರಕ್ಕೆ ಹೇಳುವ ಪದ ಬಳಸಿ, "ಅಮ್ಮಾ, ಇಲ್ಲಿ ಉಮಿ ಇಲ್ವೇ ಇಲ್ಲ. ದೆನ್ ಹೌ ಡಸ್ ಇಟ್ ಕಮ್ ಹಿಯರ್?" ಎಂದು ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವರು ಆ ಕಾರ್ಖಾನೆಯ ಉತ್ಪಾದನಾ ಮೇಲ್ವಿಚಾರಕಿ. ವಯಸ್ಸು ಐವತ್ತರ ಹತ್ತಿರ. ಹದಿನೇಳನೇ ವಯಸ್ಸಿನಲ್ಲಿ ಗುಂಡಿ ಹೊಲಿಯಲು ಸೇರಿ, ಇನ್ನೂರು ಹೊಲಿಗೆ ಯಂತ್ರಗಳ ಮೇಲೆ ಕಣ್ಣಿಡುವ ಜಾಗಕ್ಕೆ ಬಂದವರು. ಅವರ ಭಾಷೆಯಲ್ಲಿ ಅಕ್ಕನಿಗೆ ಏನೋ ಒಂದು ಪದವಿದೆ. ಎಷ್ಟು ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. "ಹಾಗಾದರೆ ನಿನ್ನ ಭಾಷೆಯಲ್ಲೇ ಕರಿ" ಎಂದರು. ಅಂದಿನಿಂದ ಅಕ್ಕ ಎಂದೇ ಕರೆದೆ.

ಪ್ರತಿ ಮಂಗಳವಾರ ಬೆಳಿಗ್ಗೆ ನಮ್ಮ ವಿಡಿಯೊ ಕರೆ. ಅಕ್ಕನ ಬೆನ್ನ ಹಿಂದೆ ಯಂತ್ರಗಳ ಸಾಲುಗಳು ಕಾಣುತ್ತಿದ್ದವು, ಬಗ್ಗಿದ ತಲೆಗಳು, ಮೇಲೆ ತಿರುಗುವ ಫ್ಯಾನುಗಳು. "ಬಟ್ಟೆ ಚೀನಾದ್ದು, ದಾರ ಥಾಯ್ಲೆಂಡಿನದು, ಗುಂಡಿ ನಿಮ್ಮ ಜಪಾನಿನದು" ಎಂದು ಒಮ್ಮೆ ನಕ್ಕು ಹೇಳಿದ್ದರು. "ನಮ್ಮ ದೇಶದ್ದು ಅಂತ ಇದರಲ್ಲಿರೋದು ಕೈಗಳು ಮಾತ್ರ." ಎಲ್ಲವೂ ಥಾಯ್ಲೆಂಡಿನ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಮೆಕಾಂಗ್ ನದಿಯ ಸೇತುವೆ ದಾಟಬೇಕು. ಹೊಲಿದದ್ದು ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಗಡಿಯಲ್ಲಿ ಒಂದು ಕಾಗದ ಹೆಚ್ಚುಕಮ್ಮಿಯಾದರೆ ಲಾರಿ ಮೂರು ದಿನ ನಿಲ್ಲುತ್ತದೆ, ಹಡಗು ಹೊರಟುಹೋಗುತ್ತದೆ.

ನಾನು ಸೇರಿದ ಎರಡನೇ ವರ್ಷ ಅವರ ದೇಶದ ಹಣದ ಬೆಲೆ ಕುಸಿಯತೊಡಗಿತು. ಅಕ್ಕಿ, ಪೆಟ್ರೋಲು ಎಲ್ಲ ದುಬಾರಿ. ನದಿಯ ಆಚೆ ದಡದ ಥಾಯ್ಲೆಂಡಿನಲ್ಲಿ ಇದೇ ಹೊಲಿಗೆಗೆ ಎಷ್ಟೋ ಪಟ್ಟು ಹೆಚ್ಚು ಸಂಬಳ. ಹೊಲಿಯುವ ಹುಡುಗಿಯರು ಒಬ್ಬೊಬ್ಬರಾಗಿ ಹೊಳೆ ದಾಟಿದರು. ಅಕ್ಕ ಹೇಳುವ ಮೊದಲೇ ಅದು ನನಗೆ ಪರದೆಯ ಮೇಲೆ ಕಂಡಿತ್ತು. ಮೊದಲು ಕೊನೆಯ ಸಾಲಿನ ಯಂತ್ರಗಳಿಗೆ ಬಟ್ಟೆ ಹೊದಿಸಿದ್ದರು. ಎರಡು ತಿಂಗಳಾದ ಮೇಲೆ ಅದರ ಮುಂದಿನ ಸಾಲಿಗೂ. ಸರಕು ತಡವಾಗಿ ಬರತೊಡಗಿತು.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಬುಚೋ ಎನ್ನುತ್ತಿದ್ದರು. ಕೆಟ್ಟವರಲ್ಲ. ಆ ಕಾರ್ಖಾನೆಗೆ ನಾಲ್ಕು ಸಲ ಹೋಗಿ, ಅಲ್ಲಿನ ಹೆಂಗಸರ ಜೊತೆ ನೆಲದ ಮೇಲೆ ಕೂತು ಊಟ ಮಾಡಿ ಬಂದವರು. ಜನವರಿಯ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, "ತಡವಾದ ಸರಕುಗಳ ಪಟ್ಟಿ ಶುಕ್ರವಾರದೊಳಗೆ ಬೇಕಿತ್ತು" ಎಂದರು.

ಪಟ್ಟಿಗೆ ಒಂದು ಹಳೆಯ ನಮೂನೆ ಇತ್ತು. ವಿಳಂಬಕ್ಕೆ ಕಾರಣ ಎಂಬ ಕಡೆ ನಾಲ್ಕು ಚೌಕಗಳು: ಕಚ್ಚಾವಸ್ತು, ಸಾಗಣೆ, ಹವಾಮಾನ, ಕಾರ್ಖಾನೆ. ಒಂಬತ್ತು ಸರಕು ತಡವಾಗಿದ್ದವು. ಎರಡಕ್ಕೆ ಸಾಗಣೆ ಎಂದು ಗುರುತು ಹಾಕಿ, ಉಳಿದ ಏಳಕ್ಕೂ ಕಾರ್ಖಾನೆ ಎಂದೆ. ಬೇರೆ ಚೌಕವಿರಲಿಲ್ಲ. ಕೆಳಗೆ ಷರಾ ಬರೆಯುವ ಜಾಗದಲ್ಲಿ, ಹಣ ಕುಸಿದದ್ದು, ಕೆಲಸಗಾರರು ನದಿ ದಾಟುತ್ತಿರುವುದು, ಇದು ಕಾರ್ಖಾನೆಯವರ ಕೈಮೀರಿದ್ದು ಎಂದು ನಾಲ್ಕು ಸಾಲು ಬರೆದಿದ್ದೆ. ಬುಚೋ ನೋಡಿ, "ಒಂದೇ ಪುಟದಲ್ಲಿ ಬರಲಿ" ಎಂದರು. ಆ ಸಾಲುಗಳನ್ನು ತೆಗೆಯಿರಿ ಎಂದು ಅವರು ಹೇಳಲಿಲ್ಲ. ತೆಗೆದವಳು ನಾನೇ. ಪುಟ ಸರಿಹೋಯಿತು.

ಮುಂದಿನ ವಾರದ ಸಭೆಯಲ್ಲಿ ಆ ಪುಟ ಎಲ್ಲರ ಮುಂದಿತ್ತು. ಬಂದರಿರುವ ಬೇರೊಂದು ದೇಶದ ಕಾರ್ಖಾನೆಗೆ ಕೆಲಸ ವರ್ಗಾಯಿಸುವುದೆಂದು ಇಪ್ಪತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಎಲ್ಲರೂ ಎದ್ದು ಹೋದ ಮೇಲೆ ಬುಚೋ ಕೂತೇ ಇದ್ದರು. "ಏಪ್ರಿಲ್ ಒಂದಕ್ಕೆ ಹೊಸ ನರ್ಸುಗಳು ಕೆಲಸಕ್ಕೆ ಸೇರುತ್ತಾರೆ. ಅವರಿಗೆ ತೊಡಲು ಬಟ್ಟೆ ಇಲ್ಲ ಅಂತ ಆಸ್ಪತ್ರೆಗೆ ಹೇಗೆ ಹೇಳಲಿ?" ಎಂದರು.

ಅಕ್ಕನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳವಾರದ ಕರೆಯಲ್ಲಿ ಬುಚೋ ನನ್ನ ಪಕ್ಕ ಕೂತು, ನಾನು ಹೇಳಿ ಮುಗಿಸಿದ ಮೇಲೆ ಪರದೆಗೆ ತಲೆಬಾಗಿಸಿದರು. ಅಕ್ಕ ಹಿಂದೆ ತಿರುಗಿ ಯಂತ್ರಗಳ ಸಾಲುಗಳನ್ನು ನೋಡಿದರು. ಆಮೇಲೆ, "ಕತ್ತರಿಸಿಟ್ಟ ಬಟ್ಟೆ ಮೇಜಿನ ಮೇಲಿದೆ. ಅದನ್ನಾದರೂ ಹೊಲಿದು ಮುಗಿಸಬಹುದಾ?" ಎಂದು ಕೇಳಿದರು.

"ಮುಗಿಸಿ ಅಕ್ಕಾ" ಎಂದೆ.

ಆ ಕೊನೆಯ ಸರಕೂ ತಡವಾಗಿಯೇ, ಜೂನ್ ಮಳೆಯಲ್ಲಿ ಟೋಕಿಯೋ ಪಕ್ಕದ ಉರಯಾಸುವಿನ ಗೋದಾಮಿಗೆ ಬಂತು. ಪರೀಕ್ಷೆಗೆ ಹೋದವಳು ನಾನು. ಪೆಟ್ಟಿಗೆಗೆ ಎರಡೆರಡು ತೆಗೆದು ನೋಡಿದರೆ ಸಾಕು ಎಂಬುದು ನಿಯಮ. ನಾನು ಒಂದೊಂದನ್ನೂ ಬಿಚ್ಚಿ ನೋಡಿದೆ. ಬಾಗಿದ ಹೊಲಿಗೆ, ಸಡಿಲವಾದ ಗುಂಡಿ, ಏನಾದರೂ ಒಂದು ತಪ್ಪು ಸಿಕ್ಕರೆ ಎದೆಯ ಭಾರ ಸ್ವಲ್ಪ ಇಳಿಯಬಹುದು ಎಂಬ ಆಸೆಯಿಂದ ಹುಡುಕಿದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಸಂಜೆ ಐದರವರೆಗೂ ಹುಡುಕಿದೆ. ಒಂದೂ ಸಿಗಲಿಲ್ಲ.

ಜುಲೈನಲ್ಲಿ, ಇಲ್ಲಿಯ ಮಳೆಗಾಲ ಮುಗಿಯುವ ಹೊತ್ತಿಗೆ, ಅಕ್ಕನ ಕಾರ್ಖಾನೆ ಮುಚ್ಚಿತು. ಅದರ ಮಾಲೀಕ ಹೊರದೇಶದವನು. ಯಂತ್ರಗಳನ್ನು ಮಾರಿ ಹೊರಟುಹೋದ. ಸುದ್ದಿ ಬಂದ ದಿನ ನಾನು ಊಟಕ್ಕೆ ಏಳದಿದ್ದಾಗ ಗಂಡ ಕೇಳಿದರು, "ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಡಿಸಿಷನ್ ಅವರದ್ದು. ನೀನು ಜಸ್ಟ್ ಡೇಟಾ ಕೊಟ್ಟೆ."

"ಆ ಡೇಟಾದಲ್ಲಿ ಅರ್ಧ ಅಳಿಸಿದ್ದು ನಾನೇ ರೀ."

"ಆ ನಾಲ್ಕು ಲೈನ್ ಇದ್ದಿದ್ರೂ ರಿಸಲ್ಟ್ ಇದೇ ಆಗ್ತಿತ್ತು."

"ಇರಬಹುದು. ಆದ್ರೆ ಇರಬೇಕಿತ್ತು."

ಅವರು ತಟ್ಟೆ ತಂದು ನನ್ನ ಪಕ್ಕ ಕೂತರು.

ಭಾನುವಾರ ನನ್ನ ಸ್ವಂತ ಫೋನಿನಿಂದ ಅಕ್ಕನಿಗೆ ಕರೆ ಮಾಡಿ, ಪಟ್ಟಿಯ ವಿಷಯ ಪೂರ್ತಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ಲಿ ಮಾಲೀಕನಿಗೆ ನಾನೂ ಅಂಥದ್ದೇ ಒಂದು ಪಟ್ಟಿ ತುಂಬಿಕೊಡಬೇಕಿತ್ತು" ಎಂದರು ಅಕ್ಕ. "ನಾನು ಏನು ಬರೀತಿದ್ದೆ ಗೊತ್ತಾ? ಹುಡುಗಿಯರು ನಿಧಾನ ಅಂತ. ಉಳಿದಿದ್ದ ಹುಡುಗಿಯರು ಎರಡೆರಡು ಯಂತ್ರ ನೋಡ್ಕೋತಿದ್ರು. ಆದರೂ ಹಾಗೇ ಬರೆದೆ."

ನನಗೆ ಅಳು ಬಂತು. ಅವರು ಅತ್ತರೋ ಇಲ್ಲವೋ ತಿಳಿಯಲಿಲ್ಲ. ಮಾತು ಬದಲಿಸಲೆಂದೋ ಏನೋ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ನನಗಿರುವುದು ಒಬ್ಬಳೇ ಮಗಳು ಎಂದು ಅವರಿಗೆ ಗೊತ್ತಿತ್ತು.

ಏನಾದರೂ ಮಾಡಬೇಕು ಎಂದು ನನಗೆ ಹಟ ಬಂತು. ಇಲ್ಲಿಯ ಕನ್ನಡಿಗರ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಬಟ್ಟೆಯ ಚೀಲಗಳು ಬೇಕಿದ್ದವು. ಅಕ್ಕನ ಹತ್ತಿರ ಹೊಲಿಸೋಣ ಎಂದೆ. ಎಲ್ಲರೂ ಒಪ್ಪಿದರು. ವಿಚಾರಿಸಿದರೆ ಚೀಲಕ್ಕಿಂತ ಅದನ್ನು ಅಲ್ಲಿಂದ ಇಲ್ಲಿಗೆ ತರಿಸುವುದೇ ದುಬಾರಿ. ಅಕ್ಕನೇ ಬೇಡವೆಂದರು. "ನಮ್ಮೂರಿಂದ ಯಾವುದನ್ನೂ ಹೊರಗೆ ಕಳಿಸೋದು ಸುಲಭ ಅಲ್ಲ ತಂಗಿ. ಇಲ್ಲೇ ಬೇಕಾಗೋದು ಏನಾದರೂ ಹೊಲೀತೀನಿ."

ಹಾಗೇ ಮಾಡಿದರು. ಹಳೆಯ ಕಾರ್ಖಾನೆಯ ಆರು ಹೆಂಗಸರನ್ನು ಸೇರಿಸಿಕೊಂಡು, ತಮ್ಮ ಮನೆಯ ಮುಂಭಾಗದಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ತೆರೆದರು. ಅಲ್ಲಿ ಶಾಲೆಗೆ ಹೋಗುವ ಹುಡುಗಿಯರು ಕಣಕಾಲಿನವರೆಗೆ ಸುತ್ತುವ, ಅಂಚುಳ್ಳ ಲಂಗ ಉಡುತ್ತಾರೆ. ಗಂಡು ಮಕ್ಕಳಿಗೆ ಬಿಳಿ ಅಂಗಿ. ಇಬ್ಬರು ಹೆಂಗಸರು ಆರು ತಿಂಗಳಲ್ಲೇ ಬಿಟ್ಟು ನದಿ ದಾಟಿದರಂತೆ. ಅಕ್ಕ ಅವರನ್ನು ತಡೆಯಲಿಲ್ಲ.

ನಾನು ಅದೇ ಕಂಪನಿಯಲ್ಲಿದ್ದೇನೆ. ಹೊಸ ಕಾರ್ಖಾನೆಯ ಸರಕು ಹೇಳಿದ ದಿನಕ್ಕೆ ಬರುತ್ತದೆ. ಅಲ್ಲಿಯ ಮೇಲ್ವಿಚಾರಕರೊಂದಿಗೆ ಮಾತು ಚುಟುಕು, ಕೆಲಸ ಚೊಕ್ಕ. ಅವರ ಬೆನ್ನ ಹಿಂದೆ ಒಂದು ಬಿಳಿ ಗೋಡೆ ಇದೆ.

ಹೋದ ಆಗಸ್ಟ್‌ನಲ್ಲಿ ಅಕ್ಕನಿಗೆ ಕರೆ ಮಾಡಿದಾಗ ಅವರು ಒಂದು ಶಾಲೆಯ ಅಂಗಳದಲ್ಲಿದ್ದರು. ಹೊಸದಾಗಿ ಸೇರಿದ ಮಕ್ಕಳು ಅಳತೆ ಕೊಡಲು ಸಾಲಾಗಿ ನಿಂತಿದ್ದರು. ಅಕ್ಕ ಫೋನನ್ನು ಯಾರದೋ ಕೈಗೆ ಕೊಟ್ಟು, ಕತ್ತಿನಲ್ಲಿದ್ದ ಟೇಪು ತೆಗೆದು ಬಗ್ಗಿ ಒಂದು ಹುಡುಗಿಯ ಸೊಂಟ ಅಳೆದರು. ಆಮೇಲೆ ಟೇಪಿನ ಒಳಗೆ ಎರಡು ಬೆರಳು ಸೇರಿಸಿ ಮತ್ತೊಮ್ಮೆ ಅಳೆದರು. ಬೆಳೆಯುವ ಮಕ್ಕಳು, ಸ್ವಲ್ಪ ಸಡಿಲ ಬಿಡಬೇಕು ಎಂದು ನನ್ನ ಕಡೆ ತಿರುಗಿ ಹೇಳಿ, "ಈಗ ಇಡ್ತೀನಿ, ಇನ್ನೂ ತುಂಬಾ ಜನ ಇದ್ದಾರೆ" ಎಂದರು.