ಐದಕ್ಕೆ ಸೀಟಿ ಊದುತ್ತಿದ್ದ ಮಾಸ್ತರರು

ನಮ್ಮ ಡ್ರಿಲ್ ಮಾಸ್ತರರ ಮೀಸೆಯ ಎಡತುದಿ ಮಾತ್ರ ಮೇಲೆದ್ದಿರುತ್ತಿತ್ತು. ಬಲಗೈಯಲ್ಲಿ ಸದಾ ಸೀಟಿ, ಮೀಸೆ ತಿರುವಲು ಉಳಿದದ್ದು ಎಡಗೈ ಒಂದೇ. ಊರು ಕೊಳಕೂರ, ಫೌಜಿನಿಂದ ಬಂದವರು. ಜೇವರ್ಗಿಯ ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುತ್ತಿದ್ದರು. ನಿಧಾನ ಓಡಿದರೆ "ಎಮ್ಮಿ ಮೈ ತೊಳ್ಯಾಕ ಹೊಂಟಿಯೇನಬೇ?" ಎಂದು ಮೈದಾನಕ್ಕೆಲ್ಲ ಕೇಳುವಂತೆ ಬೈಯುತ್ತಿದ್ದರು. ಆದರೆ ಐದು ಹೊಡೆಯಿತೋ, ಸೀಟಿ ಊದಿ ನಮ್ಮನ್ನು ಮನೆಗೆ ಅಟ್ಟಿಬಿಡುತ್ತಿದ್ದರು.

ತಾಲ್ಲೂಕು ಪಂದ್ಯದ ಹಿಂದಿನ ದಿನ ಹೆಡ್ ಮಾಸ್ತರರು ಮೈದಾನಕ್ಕೇ ಬಂದು, "ಇವತ್ತ ಇನ್ನೊಂದು ತಾಸು ಆಡಸ್ರಿ" ಎಂದರು. ನಮ್ಮ ಮಾಸ್ತರರು ನಮ್ಮತ್ತ ತಿರುಗಿದರು. "ನಿಲ್ತೀರೇನಬೇ? ಆಗಂಗಿಲ್ಲಂದ್ರ ಇಲ್ಲ ಅನ್ರಿ." ನಿಲ್ಲುತ್ತೇವೆಂದು ಎಲ್ಲರೂ ಕೂಗಿದೆವು. ಆಡಿ ದಣಿದು ಕೂತಾಗ, ನಮ್ಮನ್ನೇಕೆ ಕೇಳಿದಿರಿ ಎಂದು ನಾನೇ ಬಾಯಿಬಿಟ್ಟೆ.

"ನನಗ ಯಾರೂ ಕೇಳಿದ್ದಿಲ್ಲವ್ವ" ಎಂದರು. ಫೌಜಿನಲ್ಲಿ ಅವರ ಅವಧಿ ಮುಗಿದಿತ್ತಂತೆ. ಜೊತೆಯವರು ಹಾರ ಹಾಕಿದ್ದರು, ಟ್ರಂಕು ಕಟ್ಟಿಯಾಗಿತ್ತು. ಅಷ್ಟರಲ್ಲಿ ಗಡಿಯಲ್ಲಿ ಗದ್ದಲವೆದ್ದು, ಯಾರೂ ಮನೆಗೆ ಹೋಗುವಂತಿಲ್ಲ ಎಂಬ ಹುಕುಂ ಬಂತು. ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು.

"ಊರಾಗ ಅವ್ವ ಹೋಳಿಗಿ ಮಾಡಿ ಹಾದಿ ನೋಡಾಕತ್ತಿದ್ಳು. ನಾ ಬರೂದ್ರಾಗ ಆಕಿನೇ ಇರಲಿಲ್ಲ. ದೇಶದ ಕೆಲಸ, ಮಾಡಿದೆ, ಸಿಟ್ಟಿಲ್ಲ. ಖರೆ, ಒಂದು ಮಾತು ಕೇಳಿದ್ರ ನಾನೇ ನಿಲ್ತಿದ್ದೆ."

ಈಗ ನಾನು ಅದೇ ಶಾಲೆಯಲ್ಲಿ ಶಿಕ್ಷಕಿ. ಈಚೆಗೆ ಮಾಸ್ತರರು ನಿವೃತ್ತರಾದಾಗ ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. ಹೊಸಬರು ಸಿಗುವತನಕ ಬರಲೇಬೇಕೆಂದು ಹೇಳಿಕಳಿಸೋಣ ಎಂದರು ಶಾಲೆಯ ಹಿರಿಯರು. ಹಾಗೆ ಹೇಳಬೇಡಿ ಎಂದು ಅಡ್ಡ ನಿಂತೆ. ನನಗೆ ಆ ಧೈರ್ಯ ಕಲಿಸಿದವರೂ ಮಾಸ್ತರರೇ. ಮರುದಿನ ಹುಡುಗಿಯರನ್ನು ಕಟ್ಟಿಕೊಂಡು ಕೊಳಕೂರಿಗೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದರು, ಒಳಗಿನಿಂದ ಹೂರಣದ ವಾಸನೆ ಬರುತ್ತಿತ್ತು.

"ಹುಕುಂ ತಂದಿಯೇನವ್ವ?"

"ಇಲ್ರಿ ಸರ್, ಕೇಳಾಕ ಬಂದೇನ್ರಿ. ಪಂದ್ಯ ಮುಗಿಯೂತನಕ ಬರ್ತೀರೇನ್ರಿ? ಒಲ್ಲೆ ಅಂದ್ರೂ ನಡೀತದ್ರಿ."

ಅವರು ಮೀಸೆ ತಿರುವಿದರು. ಎಡತುದಿ ಆಯಿತು, ಬಲತುದಿಯೂ ಆಯಿತು. ಆಮೇಲೆ ಎದ್ದು, ಗೂಟಕ್ಕೆ ತೂಗುಹಾಕಿದ್ದ ಸೀಟಿ ತೆಗೆದುಕೊಂಡು, ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು:

"ಹೋಳಿಗಿ ಮುಚ್ಚಿಡು. ಐದಕ್ಕ ಸೀಟಿ ಊದಿ, ಬಂದು ತಿಂತೇನಿ."