ಓಣಿಯ ಬಾಯಲ್ಲಿ ಇಳಿಸಿದ ಕೊಡ

ಎಪ್ಪತ್ನಾಲ್ಕರ ರೈಲ್ವೆ ಮುಷ್ಕರ ಮುಗಿಯದೇ ಇರಲಿ ಎಂದು ಇಡೀ ಚಿಕ್ಕಜಾಜೂರಿನ ಕ್ವಾರ್ಟರ್ಸಿನಲ್ಲಿ ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಆಗ ನಾನು ಅಲ್ಲಿ ಪಾಯಿಂಟ್ಸ್‌ಮನ್. ರೈಲಿಗೆ ಹಳಿ ಬದಲಿಸಿ ಕೊಡುವುದು, ಬಾವುಟ ತೋರಿಸುವುದು ನನ್ನ ಕೆಲಸ. ಹೊಳಲ್ಕೆರೆ, ಹಿರಿಯೂರು ಸುತ್ತಿ ಅವ್ವ ತೋರಿಸಿದ ಹೆಣ್ಣುಗಳನ್ನೆಲ್ಲ ಏನಾದರೊಂದು ನೆಪ ಹೇಳಿ ಬೇಡವೆಂದಿದ್ದೆ. ನಿಜವಾದ ಕಾರಣ ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತಿದ್ದ ಇಬ್ಬರು ಜೋಗಪ್ಪಂದಿರಲ್ಲಿ ಕಿರಿಯವನು. ದೇವಿಗೆ ಬಿಟ್ಟ ಗಂಡು. ಪಂಚೆಯುಟ್ಟು, ತುರುಬು ಕಟ್ಟಿ, ಚೌಡಿಕೆ ಮೀಟುತ್ತಿದ್ದ. ಅವನ ಜೊತೆಯ ಹಿರಿಯರು ಸೀರೆ ಉಟ್ಟು ಎಲ್ಲಮ್ಮನ ಕೊಡ ತಲೆಯ ಮೇಲೆ ಹೊರುತ್ತಿದ್ದರು. ನಮ್ಮ ಯೂನಿಯನ್ನಿನ ಶೂರರು ಅವರನ್ನು ಕಂಡಾಗೆಲ್ಲ ಸಿಳ್ಳೆ ಹಾಕುವರು. ನನಗೆ ಮೈ ಉರಿಯುತ್ತಿತ್ತು.

ಮುಷ್ಕರ ಶುರುವಾಗಿ ಎಷ್ಟೋ ಜನ ಜೈಲು ಸೇರಿದರು. ಒಂದು ಬೆಳಿಗ್ಗೆ ಮುಷ್ಕರ ಹೂಡಿದವರ ಮನೆ ಖಾಲಿ ಮಾಡಿಸಲು ಪೊಲೀಸರ ಲಾರಿ ಬಂತು. ಅವರು ಇಳಿಯುವಷ್ಟರಲ್ಲಿ ಹಿರಿಯ ಜೋಗಪ್ಪ ಓಣಿಯ ಬಾಯಲ್ಲಿ, ಮೊದಲನೆಯದಾದ ನನ್ನ ಮನೆ ಮುಂದೆ, ಕೊಡ ಇಳಿಸಿ ಕೂತುಬಿಟ್ಟರು. ಇಳಿಸಿದ ಕೊಡವನ್ನು ನಮ್ಮ ಕಡೆ ಯಾರೂ ದಾಟುವುದಿಲ್ಲ, ಹೊತ್ತವರೇ ಎತ್ತಬೇಕು. ಒಬ್ಬ ಪೇದೆ ಬೂಟು ಬಿಚ್ಚಿ ಕೈಮುಗಿದು ಭಂಡಾರ ಕೇಳಿದ. ಅವನನ್ನು ಬೈದ ಸಾಹೇಬರೂ ಕೊಡ ದಾಟಲಿಲ್ಲ. ಲಾರಿ ಬಂದ ದಾರಿಯಲ್ಲೇ ಹೋಯಿತು.

ಸಿಳ್ಳೆ ಹಾಕಿದವರೇ ಬಂದು, ನಮಗೋಸ್ಕರ ಯಾಕೆ ಹೀಗೆ ಮಾಡಿದಿರಿ ಎಂದು ಹಿರಿಯರನ್ನು ಕೇಳಿದರು.

“ಮನೆಯಿಂದ ಹೊರಗೆ ಹಾಕಿಸ್ಕಂಡೋರು ಕಣಪ್ಪ ನಾವು. ಅದು ಹೆಂಗಿರ್ತೈತೆ ಅಂತ ಗೊತ್ತೈತೆ.”

ಅವತ್ತಿನಿಂದ ಕೊಡ ಅಲ್ಲೇ ಉಳಿಯಿತು. ಹೆಂಗಸರು ಇದ್ದ ಮುದ್ದೆಯಲ್ಲೇ ಮುರಿದು ತಂದುಕೊಟ್ಟರು. ಸಭೆಗಳಲ್ಲಿ ಘೋಷಣೆಯ ಜೊತೆ ಚೌಡಿಕೆಯೂ ಸೇರಿತು. ಕೊಡ ಕಾಯುವ ನೆಪದಲ್ಲಿ ಕಿರಿಯವನು ನನ್ನ ಜಗಲಿಯಲ್ಲೇ ಇದ್ದ. ಬಿಸಿಲೇರಿದರೆ ಒಳಗೆ ಬಂದು ಚಾಪೆಯ ಮೇಲೆ ಕೂತು, ತುರುಬು ಬಿಚ್ಚಿ, ಬಾಚಣಿಗೆಯನ್ನು ನನ್ನ ಕೈಗೆ ಕೊಡುತ್ತಿದ್ದ. ಓಣಿಯಲ್ಲಿ ಒಲೆ ಹತ್ತುವುದೇ ಕಷ್ಟವಾಗಿದ್ದಾಗ ನಾನು ಸುಖವಾಗಿದ್ದೆ. ಅಷ್ಟು ಸುಖ ಆಮೇಲೆ ಎಂದೂ ಕಾಣಲಿಲ್ಲ.

ಮುಷ್ಕರ ವಾಪಸ್ಸಾದ ಸುದ್ದಿ ರೇಡಿಯೊದಲ್ಲಿ ಬಂತು. ಯೂನಿಯನ್ನಿನವರು ಇಬ್ಬರಿಗೂ ಹಾರ ಹಾಕಿದರು. ಹಿರಿಯರು ಕೊಡ ಎತ್ತಿದರು. ಎತ್ತಿದ ಮೇಲೆ ಮುಂದಿನ ಊರಿಗೆ ಹೊರಡುವುದು ಅವರ ಕಟ್ಟಳೆ. ನಾನು ಅವನ ಕೈ ಹಿಡಿದು, ನೀನಾದರೂ ಇಲ್ಲೇ ಇರು ಅಂದೆ.

“ಕೊಡದ ಹಿಂದೆ ನಡೆಯೋನು ನಾನು,” ಅಂದ. “ನೀನೇ ಬಾ.”

ಅವ್ವ ಇದ್ದಳು, ಆಗಷ್ಟೇ ಉಳಿದ ಕೆಲಸ ಇತ್ತು. ಹೋಗಲಾಗಲಿಲ್ಲ.

ಸಂಜೆ ಹೊಸದುರ್ಗದ ಕಡೆ ಹೋಗುವ ರೈಲು ಬಂದಾಗ ಡ್ಯೂಟಿ ನನ್ನದೇ. ಬೆಳಿಗ್ಗೆ ನಾನು ಬಾಚಿ ಕಟ್ಟಿದ ತುರುಬು ಕಿಟಕಿಯಲ್ಲಿ ಕಂಡಿತು. ಲಿವರ್ ಎಳೆದು, ಹಸಿರು ಬಾವುಟ ತೋರಿಸಿ, ಆ ರೈಲನ್ನು ಕಳಿಸಿಕೊಟ್ಟೆ.