ಹಾಲು ಉಕ್ಕದ ಮನೆ

ಅಳಿಯನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವನ ಮನೆಯಲ್ಲೇ ಇದ್ದೇನೆ, ಅವನ ಅನ್ನವನ್ನೇ ಉಣ್ಣುತ್ತೇನೆ. ಆದರೂ ಇದೆ.

ಮೊದಲು ಲಂಡನ್ನಿನ ಫೆಲ್ಥಮ್‌ನಲ್ಲಿದ್ದೆವು, ಬಾಡಿಗೆ ಫ್ಲ್ಯಾಟು. ವಿಮಾನದವರ ಅಡುಗೆ ಕಾರ್ಖಾನೆಯಲ್ಲಿ ನಾನು ಊಟದ ಟ್ರೇ ತುಂಬುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಮಗಳು ನರ್ಸು. ಅಳಿಯ ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ಮನೆಯಲ್ಲೇ ಕೂತು ಮಾಡುತ್ತಾನೆ. ಲಂಡನ್ನಿನಲ್ಲಿ ಮನೆ ಕೊಳ್ಳುವುದು ನಮ್ಮಂಥವರಿಂದ ಆಗದ ಮಾತು. ಹ್ಯಾಂಪ್‌ಶೈರ್ ಕೌಂಟಿಯಲ್ಲಿ ಮಗಳಿಗೆ ಆಸ್ಪತ್ರೆ ಕೆಲಸ ಸಿಕ್ಕಿತು, ಅಲ್ಲೇ ಮನೆ ನೋಡತೊಡಗಿದರು.

ಎಷ್ಟೋ ಮನೆ ನೋಡಿದೆವು. ಎಲ್ಲಾ ಕಡೆ ಮಲಗುವ ಕೋಣೆ ಮೇಲೆ, ನನ್ನ ಕಾಲು ಕೆಳಗೆ. ಕೊನೆಗೆ ಒಂಟಿ ಮುದುಕಿಯೊಬ್ಬಳ ಮನೆ ಸಿಕ್ಕಿತು. ಕೆಳಗೇ ಒಂದು ಕೋಣೆ. ಅಡುಗೆಮನೆಯಲ್ಲಿ ದೊಡ್ಡ ಗ್ಯಾಸ್ ಒಲೆ, ನನ್ನ ರೊಟ್ಟಿಯ ಹಂಚು ಆರಾಮಾಗಿ ಕೂರುವಂಥದ್ದು. ಫೆಲ್ಥಮ್‌ನ ಗಾಜಿನ ಕರೆಂಟು ಒಲೆಯ ಮೇಲೆ ಜೋಳದ ರೊಟ್ಟಿ ಒಂದು ದಿನವೂ ಉಬ್ಬಿರಲಿಲ್ಲ. ನಾನು ಒಲೆಯನ್ನು ನೋಡುವುದನ್ನು ಆಕೆ ನೋಡಿದಳು. "ಇದನ್ನು ನಿನಗೇ ಬಿಟ್ಟು ಹೋಗುತ್ತೇನೆ," ಎಂದಳು ಇಂಗ್ಲಿಷಿನಲ್ಲಿ.

ಬೆಲೆ ಕುದುರಿದ ಮೇಲೆ ನಾನು ವೆಂಬ್ಲಿಯ ಇಂಡಿಯನ್ ಅಂಗಡಿಯಿಂದ ವೀಳ್ಯದೆಲೆ ತರಿಸಿ, ಎಲೆ ಅಡಿಕೆ ತೆಗೆದುಕೊಂಡು ಹೋದೆ. ನಮ್ಮ ಧಾರವಾಡದ ಕಡೆ ಎಲೆ ಅಡಿಕೆ ಹಿಡಿದರೆ ಮುಗಿಯಿತು, ಮಾತು ತಿರುಗುವುದಿಲ್ಲ. ಇದ್ದ ಇಂಗ್ಲಿಷಿನಲ್ಲಿ ಅಷ್ಟು ಹೇಳಿದೆ. ಆಕೆ ಬಾಯಿಗೆ ಹಾಕಿಕೊಂಡಳು. ಮುಖ ಹಿಂಡಿಕೊಂಡು ಅಗಿದಳು, ಉಗಿಯಲಿಲ್ಲ, ನುಂಗಿದಳು. ಆಮೇಲೆ ನನ್ನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದಳು.

ಕಾಗದಪತ್ರಕ್ಕೆ ಕೆಲವು ತಿಂಗಳು ಹಿಡಿಯಿತು. ಇನ್ನೇನು ನಾಳೆ ಸಹಿ ಎನ್ನುವಾಗ ಅಳಿಯ ಏಜೆಂಟನಿಗೆ ಫೋನು ಹಚ್ಚಿದ. ಬೆಲೆ ಇಳಿಸಿದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದ. ನಾನು ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದೆ.

"ಏನ್ರೀ ಇದು? ಮಾತು ಕೊಟ್ಟೀರಲ್ರೀ?"

"ಅತ್ತೆ, ಇಲ್ಲಿ ಎಲ್ರೂ ಹೀಗೇ ಮಾಡೋದು. ಸೈನ್ ಆಗೋವರೆಗೂ ಏನೂ ಲೆಕ್ಕಕ್ಕಿಲ್ಲ. ಬರವಣಿಗೇಲಿ ಏನಿದೆ ಹೇಳಿ?"

"ಆಕಿ ನಮ್ಮ ಎಲಿ ತಿಂದಾಳ. ತನ್ನ ಮಗನ ಊರಾಗ ಬಾಡಗಿ ಖೋಲಿ ಹಿಡದು, ಗಂಟುಮೂಟಿ ಕಟ್ಟಿ ಕುಂತಾಳ. ಈಗ ಒಲ್ಲೆ ಅಂತ ಹೆಂಗ ಅಂತಾಳ್ರೀ?"

"ಅದಕ್ಕೇ ಅತ್ತೆ. ಒಪ್ಕೊಳ್ತಾಳೆ."

ಇಷ್ಟು ತಣ್ಣಗೆ ಹೇಳಿದ. ನಾನು ಮಗಳ ಮುಖ ನೋಡಿದೆ. ಅವಳು ನೆಲ ನೋಡಿದಳು. ಅವನಿಗಾದರೂ ತಾನು ಮಾಡುವುದು ಸರಿ ಅನ್ನಿಸಿತ್ತು. ಇವಳಿಗೆ ತಪ್ಪೆಂದು ಗೊತ್ತಿತ್ತು, ಸುಮ್ಮನಿದ್ದಳು.

"ಆ ಮನ್ಯಾಗ ನಾ ಹಾಲು ಉಕ್ಕಸೂದಿಲ್ಲ," ಎಂದೆ.

"ಅವ್ವಾ, ಡೋಂಟ್ ಸ್ಟಾರ್ಟ್. ಹಿರೇರು ನೀನ ಅಲ್ಲೇನು? ಮತ್ಯಾರು ಉಕ್ಕಸಬೇಕು?"

"ಬೆಲಿ ಇಳಿಸಿದವರು."

ಮುದುಕಿ ಒಪ್ಪಿಕೊಂಡಳು. ಪಾಪ, ಇನ್ನೇನು ಮಾಡುತ್ತಾಳೆ?

ಕೀಲಿ ಕೈಗೆ ಬಂದ ದಿನ ಮೊಮ್ಮಗಳೂ ಸೇರಿ ಎಲ್ಲರೂ ಹೋದೆವು. ಮಗಳು ಹೊಸ ಪಾತ್ರೆ, ಹಾಲು, ಬಾಳೆಹಣ್ಣು ಎಲ್ಲಾ ಹಿಡಿದಿದ್ದಳು, ನನ್ನ ಹಟ ಬಾಗಿಲಲ್ಲಿ ಕರಗುತ್ತದೆ ಎಂದುಕೊಂಡು. ಒಳಗೆ ಸ್ವಿಚ್ಚು ಒತ್ತಿದರೆ ದೀಪವಿಲ್ಲ. ಮುದುಕಿ ಒಂದೊಂದು ಬಲ್ಬನ್ನೂ ಬಿಚ್ಚಿಕೊಂಡು ಹೋಗಿದ್ದಳು. ಪರದೆ ಹೋಗಲಿ, ಪರದೆಯ ಸರಳೂ ಇಲ್ಲ. ಅಡುಗೆಮನೆಗೆ ಹೋದೆವು. ಒಲೆ ಇದ್ದಲ್ಲಿ ನೆಲದ ಮೇಲೆ ಚೌಕ ಗುರುತು, ಬಾಯಿ ಮುಚ್ಚಿದ ಗ್ಯಾಸಿನ ಪೈಪು.

ಅಳಿಯ ವಕೀಲರಿಗೆ ಫೋನು ಹಚ್ಚಿ ಕೂಗಾಡಿದ. ಒಲೆ ಬಿಡುವುದಾಗಿ ಕಾಗದದಲ್ಲಿ ಬರೆಸಿದ್ದೀರಾ ಎಂದು ಅವರು ಕೇಳಿದರಂತೆ. ಫೋನು ಇಟ್ಟು ನನ್ನ ಕಡೆ ತಿರುಗಿದ.

"ಅತ್ತೆ, ನಿಮ್ಮೆದುರಿಗೇ ಹೇಳಿದ್ಲಲ್ವಾ? ಮಾತು ಕೊಟ್ಟಿದ್ಲಲ್ವಾ? ಎಂಥಾ ಜನ ಇವರು!"

"ಬರವಣಿಗ್ಯಾಗ ಏನೈತಿ ಹೇಳ್ರೀ," ಎಂದೆ.

ಮೊಮ್ಮಗಳು ಫಕ್ಕನೆ ನಕ್ಕಳು. ಅವಳಪ್ಪ ಗದರಿದ ಮೇಲೆ ತೋಟದ ಕಡೆ ಓಡಿದಳು. ಅಳಿಯ ಮೆಟ್ಟಿಲ ಮೇಲೆ ಕೂತ. ನಾನು ಸೂಟ್‌ಕೇಸಿನ ಮೇಲೆ ಕೂತು ಪೂಜೆಯ ಬಾಳೆಹಣ್ಣು ಸುಲಿದು ತಿಂದೆ.

ಒಲೆ ಹೋಗಿದ್ದು ನನಗೇ ನಷ್ಟ. ಆಗಲಿ. ಆಕೆಯ ಮೇಲೆ ಒಂದು ಗಳಿಗೆಯೂ ಸಿಟ್ಟು ಬರಲಿಲ್ಲ.

ಈಗ ಇಲ್ಲೂ ಗಾಜಿನ ಒಲೆ. ರೊಟ್ಟಿ ಉಬ್ಬುವುದಿಲ್ಲ. ಹಬ್ಬ ಬಂದಾಗಲೆಲ್ಲ ಮಗಳದು ಒಂದೇ ರಾಗ: "ಈಗರೆ ಒಮ್ಮೆ ಉಕ್ಕಸವ್ವಾ, ಮನಿಗೆ ಒಳ್ಳೇದಾಗ್ತೈತಿ." ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ದಿನಾ ಬೆಳಿಗ್ಗೆ ಚಹಾಕ್ಕೆ ಹಾಲು ಕಾಯಿಸುವವಳು ನಾನೇ. ಮೊಣಕಾಲು ಎಷ್ಟೇ ನೋಯಲಿ, ಪಾತ್ರೆ ಬಿಟ್ಟು ಅಲ್ಲಾಡುವುದಿಲ್ಲ. ನೊರೆ ಕಂಠದವರೆಗೆ ಏರಿ ಬರುತ್ತದೆ. ಆಗ ಒಲೆ ಆರಿಸುತ್ತೇನೆ.